ಕೆಂಪು ಕಲ್ಲು, ಕೆಂಪು ಕಾರು

ವ್ಯಾಕ್ಸ್ ಡಬ್ಬಿಯ ಮುಚ್ಚಳ ತೆಗೆದು ಸ್ಪಂಜಿನ ಬಿಲ್ಲೆಯನ್ನು ಅದ್ದಬೇಕು ಎನ್ನುವಷ್ಟರಲ್ಲಿ ಅಪ್ಪ ಕಟ್ಟೆಯಿಂದ ಎದ್ದು ಬಂದರು. ಬಾನೆಟ್ಟಿನ ಮೇಲೆ ಅಂಗೈ ಇಟ್ಟು, ಒತ್ತದೆ, ಗಾಜಿನ ಕಡೆಯಿಂದ ಮುಂದಕ್ಕೆ ಒಮ್ಮೆ ಎಳೆದರು. ಆಮೇಲೆ ಅಡ್ಡಕ್ಕೆ ಒಮ್ಮೆ. ಎಳೆಯುವಾಗ ಅವರ ಕಣ್ಣು ಮುಚ್ಚಿದ್ದವು.

"ಇನ್ನೂ ಒರಟಿದೆಯಲ್ಲ ಅವ್ವ. ಒರಟು ಮುಗಿಯದೆ ನುಣುಪಿಗೆ ಯಾಕೆ ಕೈ ಹಾಕುತ್ತೀ?"

ಬೆಳಗಿನ ಆರಕ್ಕೇ ಎದ್ದು ಎರಡು ಬಕೆಟ್ ನೀರು ಇಟ್ಟುಕೊಂಡು ಕಾರು ತೊಳೆದಿದ್ದೆ. ತೊಳೆದು ಒರೆಸಿದ ಮೇಲೆ ನನ್ನ ಕಣ್ಣಿಗೆ ಅದು ಚೊಕ್ಕಟವಾಗಿಯೇ ಕಂಡಿತ್ತು. ಆದರೆ ಒರಟು, ನುಣುಪು ಎಂಬ ಮಾತು ಅಪ್ಪನ ಬಾಯಿಂದ ಬಂದರೆ ನಮ್ಮ ಮನೆಯಲ್ಲಿ ಯಾರೂ ಎದುರು ಮಾತನಾಡುವುದಿಲ್ಲ. ಅವರು ಇಳಕಲ್ಲಿನಲ್ಲಿ ಇಪ್ಪತ್ತಾರು ವರ್ಷ ಗ್ರಾನೈಟಿಗೆ ಪಾಲಿಶ್ ಹಿಡಿದವರು. ನಾನು ಡಬ್ಬಿಯ ಮುಚ್ಚಳ ಮುಚ್ಚಿಟ್ಟೆ.

ಇದು ಹೋದ ದಸರೆಯ ಮಾತು. ನಮ್ಮ ಕಡೆ ಮಹಾನವಮಿಗೆ ಖಂಡೆ ಪೂಜೆ. ಕುಡಗೋಲು, ಕೊಡಲಿ, ಹೊಲಿಗೆ ಯಂತ್ರ, ಟ್ರ್ಯಾಕ್ಟರ್, ಬೈಕು, ಹೀಗೆ ಮನೆಗಾಗಿ ದುಡಿಯುವ ಯಾವುದನ್ನೂ ಬಿಡದೆ ತೊಳೆದು, ವಿಭೂತಿ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ ಕೈ ಮುಗಿಯುತ್ತೇವೆ. ನನ್ನ ಕಾರು ನಿಜವಾಗಿ ದುಡಿಯುವ ಕಾರು. ಬಾಗಲಕೋಟೆಯ ನವನಗರದಿಂದ ಕಲಾದಗಿಯ ಆಚೆಗಿರುವ ಒಂದು ಹಳ್ಳಿಯ ಪ್ರಾಥಮಿಕ ಶಾಲೆಗೆ ನನ್ನನ್ನು ದಿನಾಲೂ ಕರೆದೊಯ್ದು ಕರೆತರುತ್ತದೆ. 2013ರ ಸಣ್ಣ ಕೆಂಪು ಕಾರು. ಮೂರು ವರ್ಷದ ಹಿಂದೆ ಹುಬ್ಬಳ್ಳಿಯಲ್ಲಿ ಒಬ್ಬರಿಂದ ಕೊಂಡದ್ದು. ಈ ಸಲದ ಪೂಜೆಗೆ ಅದಕ್ಕೆ ಬರೀ ನೀರಿನ ಸ್ನಾನ ಸಾಲದು ಎಂದು ನನಗೆ ಅನ್ನಿಸಿದ್ದಕ್ಕೆ ಕಾರಣ ಒಂದು ರಾತ್ರಿಯ ನೋಟ.

ಆ ರಾತ್ರಿ ಪೆಟ್ರೋಲ್ ಬಂಕಿನಲ್ಲಿ ಸಾಲಿನಲ್ಲಿ ನಿಂತಿದ್ದೆ. ಮೇಲೆ ಬೆಳ್ಳನೆಯ ದೀಪಗಳು. ಕೆಳಗಿಳಿದು ಬಾನೆಟ್ಟಿನ ಕಡೆ ನೋಡಿದರೆ ಪ್ರತಿಯೊಂದು ದೀಪದ ಬಿಂಬದ ಸುತ್ತಲೂ ಜೇಡರ ಬಲೆ ಹೆಣೆದಂತೆ ಸಾವಿರಾರು ಸಣ್ಣ ಗೆರೆಗಳು. ಹಗಲಿನಲ್ಲಿ ಬರೀ ಮಂಕಾಗಿ ಕಾಣುತ್ತಿದ್ದ ಕೆಂಪಿನ ಗುಟ್ಟು ಅಲ್ಲಿ ಬಯಲಾಯಿತು. ಆ ಗೆರೆಗಳು ದುಂಡಗೆ ಕಂಡರೂ ದುಂಡಗಿರುವುದಿಲ್ಲ. ಎಲ್ಲ ದಿಕ್ಕಿಗೂ ಅಡ್ಡಾದಿಡ್ಡಿ ಬಿದ್ದಿರುತ್ತವೆ. ಅವುಗಳಲ್ಲಿ ಬೆಳಕಿಗೆ ಅಡ್ಡವಾಗಿ ನಿಂತ ಗೆರೆಗಳಷ್ಟೇ ಬೆಳಕನ್ನು ನಮ್ಮ ಕಣ್ಣಿಗೆ ತಿರುಗಿಸುವುದರಿಂದ ದೀಪದ ಸುತ್ತ ಬಲೆಯಾಗಿ ತೋರುತ್ತವೆ. ನಾವು ನಿಂತ ಜಾಗ ಬದಲಿಸಿದರೆ ಬಲೆಯೂ ನಮ್ಮೊಂದಿಗೆ ಸರಿಯುತ್ತದೆ.

ಆ ಗೆರೆಗಳನ್ನು ಎಳೆದವಳು ನಾನೇ. ಶಾಲೆಗೆ ಹೊರಡುವ ಮುಂಚೆ ದಿನಾಲೂ ಒಣ ಬಟ್ಟೆಯಿಂದ ಕಾರಿನ ಧೂಳು ಒರೆಸುವುದನ್ನು ಪ್ರೀತಿಯ ಕೆಲಸ ಎಂದುಕೊಂಡಿದ್ದೆ. ನಮ್ಮ ರಸ್ತೆಯ ಧೂಳೆಂದರೆ ಬರೀ ಎರೆ ಮಣ್ಣಿನ ಹಿಟ್ಟಲ್ಲ, ಅದರಲ್ಲಿ ಮರಳಿನ ಕಣಗಳಿರುತ್ತವೆ. ಮರಳೆಂದರೆ ಬೆಣಚುಕಲ್ಲಿನ ಚೂರು. ಖನಿಜಗಳ ಗಡಸುತನವನ್ನು ಒಂದರಿಂದ ಹತ್ತರವರೆಗೆ ಅಳೆಯುವ ಪಟ್ಟಿಯಲ್ಲಿ ಬೆಣಚುಕಲ್ಲಿಗೆ ಏಳನೆಯ ಸ್ಥಾನ, ವಜ್ರಕ್ಕೆ ಹತ್ತನೆಯದು. ಕಾರಿನ ಬಣ್ಣದ ಮೇಲಿರುವ ಪಾರದರ್ಶಕ ಪದರಕ್ಕೆ ಆ ಏಳರ ಮುಂದೆ ನಿಲ್ಲುವ ಶಕ್ತಿ ಎಲ್ಲಿಯದು? ಮೂರು ವರ್ಷ ಪ್ರತಿ ಬೆಳಗ್ಗೆ ನಾನು ಮರಳು ಕಾಗದ ಹಿಡಿದೇ ಅದರ ಮೈ ಸವರಿದ್ದೆ.

ಬಜಾರಿನಿಂದ ತಂದ ಡಬ್ಬದಲ್ಲಿ ಮೂರು ವಸ್ತುಗಳಿದ್ದವು. ಕ್ಲೇ ಎನ್ನುವ ಮೆತ್ತನೆಯ ಮುದ್ದೆ, ಪಾಲಿಶ್ ಬಾಟಲಿ, ವ್ಯಾಕ್ಸ್ ಡಬ್ಬಿ. ಹೊಳಪು ಕೊಡುವುದು ವ್ಯಾಕ್ಸ್, ಉಳಿದೆರಡು ಬೇಕಾದರೆ ಬಳಸುವಂಥವು ಎಂದು ನಾನು ತಿಳಿದಿದ್ದೆ. ಅಪ್ಪನ ಆ ಒಂದು ಮಾತು ಎರಡು ದಿನದ ಕೆಲಸಕ್ಕೆ ದಾರಿಯಾಯಿತು.

ಅಪ್ಪ ದುಡಿಯುತ್ತಿದ್ದ ಕಾರ್ಖಾನೆಗೆ ನಾನು ಚಿಕ್ಕವಳಿದ್ದಾಗ ಬುತ್ತಿ ಒಯ್ಯುತ್ತಿದ್ದೆ. ಇಳಕಲ್ ಎಂದರೆ ಹೊರಗಿನವರಿಗೆ ಸೀರೆ. ಆ ಊರಿನ ಸುತ್ತಲಿನ ನೆಲದಲ್ಲಿ ಕೆಂಪು ಗ್ರಾನೈಟ್ ಇದೆ, ಅದೂ ಅಷ್ಟೇ ಹೆಸರುವಾಸಿ. ಕತ್ತರಿಸಿದ ಹಲಗೆಯನ್ನು ಮಲಗಿಸಿ ಅದರ ಮೇಲೆ ಉದ್ದ ತೋಳಿನ ಯಂತ್ರವನ್ನು ಆಡಿಸುತ್ತಿದ್ದರು. ತೋಳಿನ ತುದಿಯಲ್ಲಿ ತಿರುಗುವ ಚಕ್ರ, ಚಕ್ರದ ಅಡಿಯಲ್ಲಿ ಸಾಣೆಕಲ್ಲಿನ ತುಂಡುಗಳು, ನಡುವಿನಿಂದ ಸುರಿಯುವ ನೀರು. ನೆಲದ ತುಂಬ ಅಂಬಲಿಯಂಥ ಬಿಳಿ ರಾಡಿ. ಸಾಣೆಕಲ್ಲುಗಳಿಗೆ ನಂಬರು ಇರುತ್ತಿತ್ತು. 60ರ ಕಲ್ಲು ಒರಟು. ಆಮೇಲೆ 120, 220, 400, 800, ಹೀಗೆ ನಂಬರು ಏರಿದಂತೆ ಕಣ ಸಣ್ಣದು. ಕೊನೆಗೆ ಬಫ್, ಅಂದರೆ ಹೊಳಪು ಬರಿಸುವ ಕೊನೆಯ ತಿಕ್ಕು.

ಆಗ ನನಗೆ ಬೆರಗು ಹುಟ್ಟಿಸುತ್ತಿದ್ದದ್ದು ಹಲಗೆಯ ಬಣ್ಣ. 60ರ ಕಲ್ಲಿನಡಿ ಅದು ಬೂದಿ ಬಡಿದ ಇಟ್ಟಿಗೆಯಂತೆ ಇರುತ್ತಿತ್ತು. 400 ಮುಗಿಯುವಾಗ ಎಲ್ಲೋ ಒಳಗಿನಿಂದ ಕೆಂಪು ಏಳಲು ಶುರುವಾಗುತ್ತಿತ್ತು. ಬಫ್ ಆದ ಮೇಲೆ ಅದು ದಾಳಿಂಬೆಯ ಕಾಳಿನಷ್ಟು ಆಳದ ಕೆಂಪು. ಕಲ್ಲಿಗೆ ಬಣ್ಣ ಹಚ್ಚುತ್ತಾರೆ ಎಂದೇ ನಾನು ಬಹಳ ದಿನ ನಂಬಿದ್ದೆ. ಒಮ್ಮೆ ಕೇಳಿದಾಗ ಅಪ್ಪ ಒರಟು ಹಲಗೆಯ ಮೇಲೆ ಒಂದು ಲೋಟ ನೀರು ಸುರಿದರು. ನೀರು ನಿಂತಷ್ಟು ಜಾಗದಲ್ಲಿ ಕೂಡಲೇ ಅದೇ ಕೆಂಪು ಎದ್ದಿತು. "ಬಣ್ಣ ಮೊದಲೇ ಇದೆ. ಮೇಲಿನ ಗೀರು ಅದನ್ನು ಮುಚ್ಚಿಟ್ಟಿದೆ" ಎಂದಿದ್ದರು. ಒರಟು ಮೈ ಬೆಳಕನ್ನು ನಾಲ್ಕೂ ಕಡೆ ಚದುರಿಸುತ್ತದೆ, ಆ ಚದುರಿದ ಬಿಳುಪು ಒಳಗಿನ ಬಣ್ಣದ ಮೇಲೆ ಪರದೆ ಹಾಕುತ್ತದೆ. ಇದನ್ನು ನಾನು ಓದಿ ತಿಳಿದದ್ದು ಮುಂದೆ ಕಾಲೇಜಿನಲ್ಲಿ.

ನಡುವಿನ ಒಂದು ನಂಬರು ಬಿಟ್ಟರೆ ಏನಾಗುತ್ತದೆ ಎನ್ನುವುದನ್ನೂ ಅಲ್ಲೇ ನೋಡಿದ್ದೆ. ಒಂದೊಂದು ಕಲ್ಲಿನ ಕೆಲಸವೂ ಹಿಂದಿನ ಕಲ್ಲು ಬಿಟ್ಟುಹೋದ ಗೀರುಗಳನ್ನು ಅಳಿಸಿ ಅದಕ್ಕಿಂತ ಸಣ್ಣ ಗೀರುಗಳನ್ನು ಬಿಡುವುದು. 120 ಆದ ಮೇಲೆ ಅವಸರಕ್ಕೆ 220 ಬಿಟ್ಟು 400ಕ್ಕೆ ಹೋದರೆ, ಆಮೇಲೆ ಎಷ್ಟು ಬಫ್ ಮಾಡಿದರೂ ಹೊಳಪಿನ ಅಡಿಯಲ್ಲಿ 120ರ ಗೀರುಗಳು ಹಾಗೆಯೇ ಉಳಿಯುತ್ತವೆ. ಎದುರಿನಿಂದ ಕಾಣುವುದಿಲ್ಲ. ಹಲಗೆಯನ್ನು ಓರೆ ಮಾಡಿ ಟ್ಯೂಬ್‌ಲೈಟಿನ ಬಿಂಬ ಹರಿಸಿದರೆ ಸಿಕ್ಕಿಬೀಳುತ್ತವೆ. ಇಡೀ ದಿನದ ಕೆಲಸವನ್ನು ಮತ್ತೆ 120ರಿಂದ ಶುರು ಮಾಡಿದ ಸಂಜೆಗಳಲ್ಲಿ ಅಪ್ಪ ಮನೆಯಲ್ಲಿ ಮಾತೇ ಆಡುತ್ತಿರಲಿಲ್ಲ.

ಆ ಬೆಳಗ್ಗೆ ಅವರು ಬಾನೆಟ್ಟನ್ನು ಸವರಿದ್ದು ಬೆರಳ ತುದಿಯಿಂದಲ್ಲ, ಅಂಗೈಯ ಬುಡದಿಂದ. ಅವರ ಬೆರಳ ತುದಿಗಳಲ್ಲಿ ಗೆರೆಗಳಿಲ್ಲ. ಇಪ್ಪತ್ತಾರು ವರ್ಷ ನೀರು, ಕಲ್ಲಿನ ರಾಡಿ, ಸಾಣೆಯ ಪುಡಿಯಲ್ಲಿ ಆಡಿದ ಬೆರಳುಗಳು ಕಲ್ಲಿನ ಜೊತೆಗೆ ತಾವೂ ನುಣುಪಾಗಿವೆ. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟಿನ ಯಂತ್ರ ಅವರನ್ನು ಗುರುತಿಸದೆ ಎಷ್ಟೋ ಸಲ ಬರಿಗೈಯಲ್ಲಿ ಮರಳಿದ್ದಾರೆ. ಒಂದೊಂದೇ ಬೆರಳನ್ನು ಒರೆಸಿ ಒರೆಸಿ ಇಟ್ಟು, ಹತ್ತೂ ಬೆರಳು ಮುಗಿದ ಮೇಲೆ ಸಾಲಿನಲ್ಲಿದ್ದವರಿಗೆ ದಾರಿ ಬಿಟ್ಟು ಪಕ್ಕಕ್ಕೆ ನಿಲ್ಲುವ ಅವರನ್ನು ನಾನು ನೋಡಿದ್ದೇನೆ. ನುಣುಪು ಅನ್ನುವ ಮಾತು ನನಗೆ ಸುಮ್ಮನೆ ಚೆಂದದ ಮಾತಾಗಿ ಕೇಳಿಸುವುದಿಲ್ಲ.

"ಕೈಗೆ ಸಿಗುವ ಒರಟು ಬೇರೆ, ಕಣ್ಣಿಗೆ ಸಿಗುವ ಒರಟು ಬೇರೆ" ಎಂದರು ಅಪ್ಪ. ಕೈಗೆ ಸಿಗುವುದು ಮೇಲೆ ಅಂಟಿದ್ದು. ಕಣ್ಣಿಗೆ ಸಿಗುವುದು ಒಳಗೆ ಕೊರೆದದ್ದು. ಕಲ್ಲಿನ ವಿಷಯದಲ್ಲಿ ಅವರು ಹೇಳಿದ ಈ ಭೇದ ಕಾರಿಗೆ ಅಕ್ಷರಶಃ ಹೊಂದುತ್ತದೆ ಎಂದು ಕೆಲಸ ಮಾಡುತ್ತ ಹೋದಂತೆ ಅರಿವಾಯಿತು.

ಅಂಟಿದ್ದರ ಲೆಕ್ಕ ದೊಡ್ಡದಿತ್ತು. ಬಾಗಿಲುಗಳ ಕೆಳಭಾಗದಲ್ಲಿ ಡಾಂಬರಿನ ಚುಕ್ಕೆಗಳು. ಅವುಗಳನ್ನು ಬಟ್ಟೆಗೆ ತುಸು ಸೀಮೆಎಣ್ಣೆ ಮುಟ್ಟಿಸಿ ಒರೆಸಿ, ಆ ಜಿಡ್ಡನ್ನು ಮತ್ತೆ ಶಾಂಪೂ ನೀರಿನಲ್ಲಿ ತೊಳೆದೆ. ಬೇವಿನ ಮರದಡಿ ನಿಲ್ಲಿಸುವ ಕಾರಾದ್ದರಿಂದ ಟಾಪಿನ ಮೇಲೆ ಹಕ್ಕಿಗಳ ಹಿಕ್ಕೆ ಬಿಟ್ಟ ಕಲೆಗಳು. ಬಿಸಿಲಿಗೆ ಬಣ್ಣದ ಪದರ ಮೆತ್ತಗಾಗಿ ಹಿಗ್ಗುತ್ತದೆ, ರಾತ್ರಿ ಕುಗ್ಗುವಾಗ ಗಟ್ಟಿಯಾದ ಹಿಕ್ಕೆಯ ಆಕಾರಕ್ಕೇ ಅಚ್ಚಾಗುತ್ತದೆ, ಅದಕ್ಕೇ ಆ ಕಲೆ ತೊಳೆದರೂ ಹೋಗುವುದಿಲ್ಲ. ಕಬ್ಬಿನ ಹಂಗಾಮಿನಲ್ಲಿ ಹೊಲಗಳಲ್ಲಿ ರವದಿ ಸುಟ್ಟ ಕರಿ ಬೂದಿ ಗಾಳಿಯಲ್ಲಿ ಬಂದು ಕೂರುತ್ತದೆ. ಬ್ರೇಕಿನಿಂದ ಉದುರುವ ಕಬ್ಬಿಣದ ಪುಡಿ ಚಕ್ರಗಳ ಸುತ್ತ ಅಂಟುತ್ತದೆ. ಇವೆಲ್ಲದರ ಮೇಲೆ ನಮ್ಮ ಬೋರಿನ ಸವಳು ನೀರು. ತೊಳೆದು ಹಾಗೇ ಬಿಟ್ಟರೆ ಹನಿ ಆರಿದ ಜಾಗದಲ್ಲಿ ಸುಣ್ಣದ ಬಿಳಿ ಉಂಗುರ ನಿಲ್ಲುತ್ತದೆ. ನೆರಳಿನಲ್ಲಿ ತೊಳೆದು, ನೀರು ಆರುವ ಮೊದಲೇ ಬಟ್ಟೆಯಿಂದ ಎತ್ತಬೇಕು.

ಕ್ಲೇ ಮುದ್ದೆಯನ್ನು ಮೂರು ಬೆರಳಿನಗಲಕ್ಕೆ ಚಪ್ಪಟೆ ಮಾಡಿ, ಬಾನೆಟ್ಟಿನ ಮೇಲೆ ಶಾಂಪೂ ನೀರು ಸಿಂಪಡಿಸಿ, ಹಗುರವಾಗಿ ಹಿಂದೆ ಮುಂದೆ ಎಳೆದೆ. ಮೊದಲ ಎಳೆತಕ್ಕೆ ಸರಸರ ಎಂಬ ಸದ್ದು. ಹತ್ತು ಸಲ ಎಳೆಯುವಷ್ಟರಲ್ಲಿ ಸದ್ದು ನಿಂತು, ಮುದ್ದೆ ಗಾಜಿನ ಮೇಲೆ ಜಾರುವಂತೆ ಜಾರತೊಡಗಿತು. ತಿರುಗಿಸಿ ನೋಡಿದರೆ ಅದರ ಮೈತುಂಬ ಕಂದು ಕೊಳೆ. ತೊಳೆದು ಒರೆಸಿದ ಕಾರಿನಿಂದ ಬಂದ ಕೊಳೆ! ಮಡಚಿ, ಹೊಸ ಮೈ ಹೊರಗೆ ಮಾಡಿ, ಮುಂದಿನ ಭಾಗ. ಒಮ್ಮೆ ಒಂದು ತುಂಡು ಕೈ ಜಾರಿ ನೆಲಕ್ಕೆ ಬಿತ್ತು. ಅದನ್ನು ಎಸೆದೆ. ನೆಲದ ಮರಳು ಹೊಕ್ಕ ಮುದ್ದೆ ಆಮೇಲೆ ಶತ್ರುವೇ. ಇನ್ನೊಂದು ಉಪಾಯ ಯಾರಾದರೂ ಮಾಡಿ ನೋಡಬಹುದು. ತೆಳುವಾದ ಪ್ಲಾಸ್ಟಿಕ್ ಚೀಲದೊಳಗೆ ಕೈ ಹಾಕಿ ಬಣ್ಣದ ಮೇಲೆ ಸವರಿದರೆ, ಬರಿಗೈಗೆ ತಿಳಿಯದ ಕಣವೂ ಉಪ್ಪಿನ ಹರಳಿನಂತೆ ಬೆರಳಿಗೆ ತಾಗುತ್ತದೆ. ಅಪ್ಪನ ಕೈಗೂ ಒಂದು ಚೀಲ ಕೊಟ್ಟೆ. ಬೆರಳ ತುದಿಯಿಂದ ಸವರಿ ನೋಡಿದರು, ಬಾನೆಟ್ಟಿನ ಮೇಲೆ ಒಮ್ಮೆ, ಇನ್ನೂ ಕ್ಲೇ ಕಾಣದ ಬಾಗಿಲಿನ ಮೇಲೆ ಒಮ್ಮೆ. "ತಿಳಿಯುತ್ತದೆ ಅವ್ವ, ಈ ಬೆರಳಿಗೂ ತಿಳಿಯುತ್ತದೆ" ಎಂದರು. ಆ ಚೀಲವನ್ನು ಅವರು ಮಧ್ಯಾಹ್ನದವರೆಗೂ ಕೈಯಿಂದ ತೆಗೆಯಲಿಲ್ಲ.

ಕೊರೆದ ಒರಟಿಗೆ ಇಳಿದದ್ದು ಮರುದಿನ. ಅಲ್ಲಿ ಅಪ್ಪನಿಗೂ ನನಗೂ ಒಂದು ಭಿನ್ನಾಭಿಪ್ರಾಯ ಬಂತು.

ಅವರ ನಿಯಮ ಸರಳ. ಅತಿ ಆಳದ ಗೀರು ಯಾವುದೋ ಅಲ್ಲಿಯವರೆಗೆ ಇಡೀ ಮೈಯನ್ನು ಇಳಿಸಬೇಕು. ಗೀರನ್ನು ತುಂಬುವುದಲ್ಲ, ಗೀರಿನ ಸುತ್ತಲಿನ ಎತ್ತರವನ್ನು ಗೀರಿನ ತಳಕ್ಕೆ ತರುವುದು. ಇದು ಕಾರಿಗೂ ನಿಜ. ಪಾಲಿಶ್ ಬಣ್ಣದ ಮೇಲೆ ಏನನ್ನೂ ಇಡುವುದಿಲ್ಲ, ಮೇಲಿನ ಪದರವನ್ನು ತುಸು ಸವೆಸುತ್ತದೆ. ಬಲಗಡೆಯ ಮುಂದಿನ ಬಾಗಿಲಿನ ಮೇಲೆ ಒಂದು ಆಳದ ಗೀರಿತ್ತು. ಉಗುರು ಅಡ್ಡ ಎಳೆದರೆ ತಡೆಯುತ್ತಿತ್ತು. ಅದು ಹೋಗುವವರೆಗೂ ತಿಕ್ಕು ಎನ್ನುವುದು ಅಪ್ಪನ ಮಾತು.

ನಾನು ಆ ದಿನದ ಪತ್ರಿಕೆ ತಂದು ಒಂದು ಹಾಳೆಯ ಅಂಚನ್ನು ಅವರ ಕಣ್ಣಿನ ಮುಂದೆ ಹಿಡಿದೆ. ಕಾರ್ಖಾನೆಯಲ್ಲಿ ಬಳಿದ ಕಾರಿನ ಬಣ್ಣ ಒಟ್ಟು 100ರಿಂದ 150 ಮೈಕ್ರಾನ್ ದಪ್ಪ ಇರುತ್ತದೆ. ಒಂದು ಮಿಲಿಮೀಟರಿಗೆ 1000 ಮೈಕ್ರಾನ್. ಅಂದರೆ ಪತ್ರಿಕೆಯ ಸುಮಾರು ಎರಡು ಹಾಳೆ. ಅಷ್ಟರಲ್ಲಿ ತಗಡಿಗೆ ತುಕ್ಕು ಹಿಡಿಯದಂತೆ ಕೂರಿಸಿದ ಪದರ, ಅದರ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲದರ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರ. ನಾವು ಮುಟ್ಟುವುದು, ಗೀರುವುದು, ಪಾಲಿಶ್ ಮಾಡುವುದು ಎಲ್ಲ ಈ ಕೊನೆಯದನ್ನು. ಅದರ ದಪ್ಪ 40, 50 ಮೈಕ್ರಾನಿನ ಆಸುಪಾಸು. ಒಂದು ಹಾಳೆಗಿಂತಲೂ ತೆಳು. ಬಿಸಿಲಿನ ನೇರಳಾತೀತ ಕಿರಣಗಳನ್ನು ತಡೆದು ಕೆಳಗಿನ ಬಣ್ಣವನ್ನು ಕಾಯುವುದೂ ಅದೇ. ಅತಿಯಾಗಿ ಸವೆಸಿದರೆ ಇವತ್ತು ಹೊಳೆದು, ಮುಂದೆ ಬೇಸಗೆಯಲ್ಲಿ ಪೊರೆ ಸುಲಿಯುತ್ತದೆ. ತಗಡು ಮಡಚಿದ ಏಣುಗಳ ಮೇಲಂತೂ ಪದರ ಇನ್ನೂ ತೆಳು, ಅದಕ್ಕೇ ಅಂಚುಗಳಿಗೆ ನಾನು ಕಾಗದದ ಟೇಪ್ ಅಂಟಿಸಿಕೊಂಡಿದ್ದೆ.

ಅಪ್ಪ ಹಾಳೆಯನ್ನು ಎರಡು ಬೆರಳ ನಡುವೆ ಹಿಡಿದು ಬಹಳ ಹೊತ್ತು ಉಜ್ಜಿ ನೋಡಿದರು. ಅವರು ಜೀವಮಾನವೆಲ್ಲ ತಿಕ್ಕಿದ ಹಲಗೆಗಳು 18, 20 ಮಿಲಿಮೀಟರ್ ದಪ್ಪದವು, ಮೇಲಿನಿಂದ ತಳದವರೆಗೂ ಅದೇ ಕಲ್ಲು, ಅದೇ ಕೆಂಪು. ತಪ್ಪಾದರೆ ಮತ್ತೆ 120ಕ್ಕೆ ಮರಳಬಹುದಾಗಿತ್ತು. ಇಲ್ಲಿ ಮರಳುವ ದಾರಿ ಒಂದು ಹಾಳೆಯಷ್ಟೂ ಉದ್ದವಿಲ್ಲ.

"ಹಾಗಾದರೆ ಉಗುರಿಗೆ ತಡೆಯುವುದನ್ನು ಮುಟ್ಟಬೇಡ" ಎಂದರು. ಇಷ್ಟು ಬೇಗ ಅವರು ತಮ್ಮ ನಿಯಮ ಬಿಟ್ಟುಕೊಟ್ಟದ್ದನ್ನು ನಾನು ಹಿಂದೆ ಕಂಡಿರಲಿಲ್ಲ.

ಆ ಗೀರು ಯಾರದ್ದೆಂದು ನನಗೆ ಗೊತ್ತು. ಒಂದನೆಯ ತರಗತಿಯ ಹುಡುಗಿಯೊಬ್ಬಳು ಬೆಣಚುಕಲ್ಲು ಹಿಡಿದು ಅಲ್ಲಿ 'ಅ' ಬರೆದಿದ್ದಾಳೆ. ಹಿಂದಿನ ದಿನವಷ್ಟೇ ನಾನು ಕಲಿಸಿದ ಅಕ್ಷರ. ಒಂದು ಕಡೆ ಗೆರೆ ತುಸು ಜಾರಿದೆ, ಉಳಿದದ್ದು ಸರಿಯಾಗಿದೆ.

ಪಾಲಿಶ್ ಕೆಲಸವನ್ನು ನೆರಳಿನಲ್ಲಿ, ತಗಡು ತಣ್ಣಗಿರುವಾಗಲೇ ಮಾಡಬೇಕು. ಬಿಸಿ ತಗಡಿನ ಮೇಲೆ ಅದು ಒಣಗಿ ಕಚ್ಚಿಕೊಳ್ಳುತ್ತದೆ. ಅಕ್ಟೋಬರಿನ ನಮ್ಮ ಬಿಸಿಲಿಗೆ ಹತ್ತೂವರೆಯ ಮೇಲೆ ಪೋರ್ಟಿಕೊದ ನೆರಳಿನಲ್ಲೂ ತಗಡು ಬಿಸಿಯಾಗತೊಡಗುತ್ತಿತ್ತು. ಬೆಳಗಿನ ಆರರಿಂದ ಹತ್ತು, ಸಂಜೆ ಐದರಿಂದ ಬೆಳಕು ಇರುವವರೆಗೆ. ಬಾನೆಟ್ಟನ್ನು ಮನಸ್ಸಿನಲ್ಲೇ ಆರು ಭಾಗ ಮಾಡಿಕೊಂಡು, ಒಂದೊಂದು ಭಾಗಕ್ಕೆ ಕಡಲೆಕಾಳಿನಷ್ಟು ಮೂರು ಹನಿ ಹಾಕಿ, ಸ್ಪಂಜಿನಿಂದ ಮೊದಲು ಒತ್ತಿ, ಆಮೇಲೆ ಒತ್ತಡ ಇಳಿಸುತ್ತ ತಿಕ್ಕಿದೆ.

ಆ ಬಿಳಿ ಲೇಪದಲ್ಲಿ ಸವೆಸುವ ಕೆಲಸ ಮಾಡುವ ಕಣಗಳು ಹೆಚ್ಚಿನ ಪಾಲಿಶ್‌ಗಳಲ್ಲಿ ಅಲ್ಯೂಮಿನಿಯಂ ಆಕ್ಸೈಡ್. ನೆಲದಲ್ಲಿ ಸಿಕ್ಕಾಗ ಅದೇ ವಸ್ತುವಿನ ಹೆಸರು ಕುರುಂದ. ಗಡಸುತನದ ಪಟ್ಟಿಯಲ್ಲಿ ವಜ್ರದ ಕೆಳಗಿನ ಒಂಬತ್ತನೆಯ ಸ್ಥಾನ ಅದರದು. ಇಂಗ್ಲಿಷಿನವರು ಕೊರಂಡಮ್ ಎನ್ನುವುದು ನಮ್ಮ ನೆಲದ ಮಾತನ್ನೇ. ತಮಿಳಿನ ಕುರುಂದಂ, ಸಂಸ್ಕೃತದ ಕುರುವಿಂದ ಎಂಬ ಹೆಸರುಗಳೇ ಅಲ್ಲಿಗೆ ಹೋಗಿ ಹಾಗಾಗಿವೆ. ಕೆಂಪು ಬಣ್ಣದ ಕುರುಂದವೇ ಮಾಣಿಕ್ಯ. ಸಾಣೆಗೂ ಅದೇ, ಉಂಗುರಕ್ಕೂ ಅದೇ. ಇದನ್ನು ಹೇಳಿದಾಗ ಅಪ್ಪನಿಗೆ ಅಷ್ಟೇನೂ ಆಶ್ಚರ್ಯವಾಗಲಿಲ್ಲ. ಅವರಿಗೆ ಆಶ್ಚರ್ಯವಾದದ್ದು ಇನ್ನೊಂದು ಸಂಗತಿ. ಕೆಲವು ಪಾಲಿಶ್‌ಗಳಲ್ಲಿ ಈ ಕಣಗಳು ತಿಕ್ಕುತ್ತ ಹೋದಂತೆ ಒಡೆದು ಒಡೆದು ಸಣ್ಣದಾಗುತ್ತವೆ, ಹಾಗಾಗಿ ಶುರುವಿನಲ್ಲಿ ಒರಟಾಗಿ ಸವೆಸಿದ್ದು ಕೊನೆಯಲ್ಲಿ ನಯವಾಗಿ ಸವೆಸುತ್ತದೆ. ನನ್ನ ಬಾಟಲಿ ಆ ಬಗೆಯದ್ದು. "ಅಂದರೆ ಎಲ್ಲ ನಂಬರೂ ಒಂದೇ ಕಲ್ಲಿನಲ್ಲಿ!" ಎಂದು ಬಾಟಲಿಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಹತ್ತು ನಂಬರಿನ ಕಲ್ಲು ಬದಲಿಸಲು ದಿನಕ್ಕೆ ಎಷ್ಟು ಸಲ ಬಗ್ಗಿ ಏಳುತ್ತಿದ್ದರೋ, ಅದನ್ನೆಲ್ಲ ಆ ಬಾಟಲಿಯಲ್ಲಿ ನೋಡುತ್ತಿದ್ದರು ಅನ್ನಿಸಿತು.

ಕೈಯಿಂದ ತಿಕ್ಕುವುದು ನಿಧಾನದ ಕೆಲಸ. ಒಂದು ಭಾಗಕ್ಕೆ ಐದಾರು ನಿಮಿಷ, ಒರೆಸಿ ನೋಡು, ಸಾಲದಿದ್ದರೆ ಮತ್ತೊಮ್ಮೆ. ಮೊದಲ ಭಾಗ ಮುಗಿದಾಗ ಅಪ್ಪ ಒಳಗಿನಿಂದ ಟ್ಯೂಬ್‌ಲೈಟನ್ನೇ ಉದ್ದದ ವೈರಿನೊಂದಿಗೆ ತಂದು ಓರೆಯಾಗಿ ಹಿಡಿದರು. ಪಾಲಿಶ್ ಆಗದ ಕಡೆ ಬಿಂಬದ ಅಂಚು ಹತ್ತಿ ಹಿಂಜಿದಂತಿತ್ತು. ಆದ ಕಡೆ ದಾರ ಎಳೆದಂತೆ ನೇರ. ನಡುವಿನ ಗೆರೆಯ ಒಂದು ಬದಿಗೆ ಗುಲಾಬಿಗೆ ತಿರುಗಿದ ಮಂಕು ಕೆಂಪು, ಇನ್ನೊಂದು ಬದಿಗೆ ನಾನು ಈ ಕಾರಿನಲ್ಲಿ ಎಂದೂ ಕಂಡಿರದ ಕೆಂಪು. ಕಾರ್ಖಾನೆಯ ಹಲಗೆಯ ಮೇಲೆ ಲೋಟದ ನೀರು ಸುರಿದಾಗ ಎದ್ದ ಕೆಂಪಿನ ನೆನಪಾಗಿ ನನ್ನ ಗಂಟಲು ಕಟ್ಟಿತು. ಎಲ್ಲ ಬಲೆಯೂ ಹೋಗಿರಲಿಲ್ಲ. ಬರಿಗೈಯ ಬಲಕ್ಕೆ ಮೇಲುಮೇಲಿನದಷ್ಟೇ ಹೋಗುತ್ತದೆ. ಅಷ್ಟು ಸಾಕು ಎಂದುಕೊಂಡೆ.

ಎಡಗಡೆಯ ಹಿಂಬಾಗಿಲಿಗೆ ಬಂದಾಗ ಬೇರೆಯೇ ಒಂದು ಕಥೆ ತೆರೆದುಕೊಂಡಿತು. ಅಲ್ಲಿಯವರೆಗೆ ಸ್ಪಂಜು, ಬಟ್ಟೆ ಎಲ್ಲ ಬೆಳ್ಳಗೇ ಇದ್ದವು. ಕ್ಲಿಯರ್ ಕೋಟ್ ಸವೆಯುವಾಗ ಬಣ್ಣ ಬರುವುದಿಲ್ಲವಲ್ಲ. ಈ ಬಾಗಿಲನ್ನು ಎರಡು ಸುತ್ತು ತಿಕ್ಕುವಷ್ಟರಲ್ಲಿ ಸ್ಪಂಜು ಕುಂಕುಮದಲ್ಲಿ ಅದ್ದಿದಂತೆ ಕೆಂಪಾಯಿತು. ಕೈ ತೆಗೆದುಬಿಟ್ಟೆ. ಅಲ್ಲಿ ಮೇಲಿನ ಪಾರದರ್ಶಕ ಪದರವೇ ಇಲ್ಲ, ನೇರವಾಗಿ ಬಣ್ಣವೇ ಇದೆ. ಅಂದರೆ ಈ ಬಾಗಿಲನ್ನು ಯಾರೋ ಎಂದೋ ಮತ್ತೆ ಬಳಿದಿದ್ದಾರೆ. ಒಂದು ಪೆಟ್ಟೂ ಬಿದ್ದಿಲ್ಲ ಎಂದು ಮಾರಿದವರು ದೇವರ ಫೋಟೊದ ಮುಂದೆ ನಿಂತು ಹೇಳಿದ್ದರು. ಆ ಮಾತನ್ನು ನಂಬಿದ್ದೆ. ಹಣಕ್ಕಿಂತ ಆ ಮಾತು ಹೋದದ್ದಕ್ಕೆ ನನಗೆ ನೋವಾಯಿತು.

ಅಪ್ಪ ಬಾಗಿಲಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಓರೆಗಣ್ಣಿನಿಂದ ನೋಡಿದರು. "ಬಣ್ಣ ಕೂಡಿಸಿದವನ ಕಣ್ಣು ಒಳ್ಳೆಯದು. ಮೂರು ವರ್ಷ ನಮಗೆ ತಿಳಿಯಲಿಲ್ಲ. ಆದರೆ ಮೈ ಮಟ್ಟ ಮಾಡದೆ ಬಳಿದಿದ್ದಾನೆ, ನೋಡು, ಕಿತ್ತಳೆ ಸಿಪ್ಪೆಯ ಹಾಗೆ ಗುಳಿ ಗುಳಿ ಇದೆ." ಮಾರಿದವರ ಬಗ್ಗೆ ಒಂದು ಮಾತೂ ಆಡಲಿಲ್ಲ. ಕೆಲಸ ಮಾಡಿದ ಕೈಯೊಂದನ್ನೇ ಅವರು ನೋಡಿದ್ದು. ಆ ಬಾಗಿಲಿಗೆ ಹಗುರವಾಗಿ ಒಂದೇ ಸುತ್ತು ಸಾಕು ಎಂದು ಇಬ್ಬರೂ ಒಪ್ಪಿದೆವು.

ಒರೆಸಲು ಬಟ್ಟೆ ಸಾಲದಾದಾಗ ನಮ್ಮವ್ವ ತನ್ನ ಹಳೆಯ ಇಳಕಲ್ ಸೀರೆಯನ್ನು ತಂದುಕೊಟ್ಟಳು. ನೂಲಿನ ಮೈ, ನೂರಾರು ಸಲ ಒಗೆಸಿಕೊಂಡು ಬೆಣ್ಣೆಯಷ್ಟು ಮೆತ್ತಗಾದದ್ದು. ಬೇಡ ಎನ್ನಲು ಮನಸ್ಸು ಬರಲಿಲ್ಲ, ಆದರೂ ಬಣ್ಣಕ್ಕೆ ಅದನ್ನು ಮುಟ್ಟಿಸಲಿಲ್ಲ. ಒತ್ತಾಗಿ ನೇಯ್ದ ಬಟ್ಟೆಯಲ್ಲಿ ಸಿಕ್ಕ ಕಣಕ್ಕೆ ಅಡಗಿಕೊಳ್ಳಲು ಜಾಗ ಇರುವುದಿಲ್ಲ, ಅದು ಬಟ್ಟೆಗೂ ಬಣ್ಣಕ್ಕೂ ನಡುವೆ ಉರುಳುತ್ತ ಗೀರುತ್ತದೆ. ಮೈಕ್ರೋಫೈಬರ್ ಬಟ್ಟೆಯ ನವಿರು ಎಳೆಗಳ ನಡುವೆ ಧೂಳು ಒಳಗೆ ಇಳಿದು ಕೂರುತ್ತದೆ. ಸೀರೆಯನ್ನು ಗಾಜುಗಳಿಗೆ, ಒಳಗಿನ ಡ್ಯಾಶ್‌ಬೋರ್ಡಿಗೆ ಬಳಸಿದೆ. ನಮ್ಮವ್ವನಿಗೆ ಅಷ್ಟೇ ಸಾಕಾಯಿತು.

ಇಷ್ಟೆಲ್ಲ ಆದ ಮೇಲೆ ವ್ಯಾಕ್ಸ್. ಎರಡು ದಿನದ ಹಿಂದೆ ಇದೇ ಎಲ್ಲ ಎಂದುಕೊಂಡಿದ್ದೆ. ಈಗ ಅದು ಕೊನೆಯ ಸಣ್ಣ ಕೆಲಸ. ಸಣ್ಣದಾದರೂ ನನಗೆ ಬಹಳ ಹಿಡಿಸಿದ್ದು ಅದೇ.

ನನ್ನ ಡಬ್ಬಿಯಲ್ಲಿದ್ದದ್ದು ಕಾರ್ನೌಬಾ ಎಂಬ ಮರದ ಮೇಣ. ಬ್ರೆಜಿಲ್ ದೇಶದ ಈಶಾನ್ಯ ಭಾಗದ ಒಣ ಸೀಮೆಯಲ್ಲಿ ಬೆಳೆಯುವ ತಾಳೆಯ ಜಾತಿಯ ಮರ ಅದು. ಬಿಸಿಲಿಗೆ ತನ್ನೊಳಗಿನ ನೀರು ಆರಿಹೋಗದಂತೆ ಎಲೆಗಳ ಮೇಲೆ ಮೇಣ ಉಕ್ಕಿಸಿಕೊಳ್ಳುತ್ತದೆ. ಎಲೆ ಕೊಯ್ದು, ಒಣಗಿಸಿ, ಬಡಿದು ಆ ಮೇಣವನ್ನು ಉದುರಿಸುತ್ತಾರೆ. 82ರಿಂದ 86 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಕರಗುವ ಗಟ್ಟಿ ಮೇಣ. ಓದುವಾಗ ಅದು ದೂರದ ದೇಶದ ಮಾತು ಅನ್ನಿಸಿತ್ತು. ಸಂಜೆ ಸ್ಪಂಜಿನಲ್ಲಿ ಹಚ್ಚಿದ ತೆಳು ಪದರ ಬಾನೆಟ್ಟಿನ ಮೇಲೆ ಆರಿ ಬಿಳಿ ಮಬ್ಬಾದಾಗ, ಅದನ್ನು ನಾನು ಮೊದಲೇ ನೋಡಿದ್ದೇನೆ ಅನ್ನಿಸಿತು. ಹಿಂಗಾರಿ ಜೋಳದ ಹೊಲದಲ್ಲಿ. ಎಳೆಯ ಜೋಳದ ದಂಟನ್ನು ಸೋಗೆ ಅಪ್ಪಿಕೊಂಡ ಕಡೆ ಬೂದಿ ಸವರಿದಂಥ ಬಿಳಿ ಪುಡಿ ಇರುತ್ತದೆ. ಬೆರಳು ಎಳೆದರೆ ಪುಡಿ ಹೋಗಿ ಕೆಳಗೆ ಹಸಿರು ಹೊಳೆಯುತ್ತದೆ. ಅದೂ ಮೇಣ. ಜೋಳ ಬರವನ್ನು ತಡೆದು ನಿಲ್ಲುವುದಕ್ಕೆ ಆ ಪುಡಿಯೂ ಒಂದು ಕಾರಣ. ಬ್ರೆಜಿಲಿನ ಮರವೂ ನಮ್ಮ ಎರೆ ಹೊಲದ ಜೋಳವೂ ಒಂದೇ ಬಿಸಿಲಿಗೆ ಒಂದೇ ಉಪಾಯ ಹೂಡಿವೆ.

ವ್ಯಾಕ್ಸ್ ಗೀರು ತೆಗೆಯುವುದಿಲ್ಲ. ಸಣ್ಣಪುಟ್ಟದ್ದನ್ನು ಮುಚ್ಚುತ್ತದೆ, ನೀರು ನಿಲ್ಲದಂತೆ ನೋಡಿಕೊಳ್ಳುತ್ತದೆ, ಕೆಲವು ವಾರ ಇದ್ದು ಹೋಗುತ್ತದೆ. ದಪ್ಪ ಹಚ್ಚಿದರೆ ಹೆಚ್ಚು ಲಾಭವಿಲ್ಲ, ಒರೆಸುವ ಕಷ್ಟ ಹೆಚ್ಚು. ಕಲ್ಲಿನ ವ್ಯಾಪಾರದಲ್ಲಿ ಇದರ ಕೆಟ್ಟ ಬಳಕೆಯನ್ನು ಅಪ್ಪ ಬಲ್ಲರು. ಪಾಲಿಶ್ ಅರ್ಧಕ್ಕೆ ಬಿಟ್ಟ ಹಲಗೆಗೆ ಎಣ್ಣೆ, ಮೇಣ, ಕೆಲವೊಮ್ಮೆ ಬಣ್ಣವನ್ನೇ ಉಜ್ಜಿ ಮಾರುವವರು ಇರುತ್ತಾರೆ. ಮನೆಗೆ ಹಾಸಿ ನಾಲ್ಕು ಸಲ ಒರೆಸುವಷ್ಟರಲ್ಲಿ ಕಲ್ಲು ಬೂದಿಯಾಗುತ್ತದೆ. ಮೊದಲ ದಿನ ಬೆಳಗ್ಗೆ ನಾನು ನೇರವಾಗಿ ವ್ಯಾಕ್ಸಿಗೆ ಕೈ ಹಾಕಿದಾಗ ಅವರು ಕಟ್ಟೆ ಬಿಟ್ಟು ಎದ್ದು ಬಂದದ್ದು ಅದಕ್ಕೇ ಇರಬೇಕು.

ಮಬ್ಬಿನ ಮೇಲೆ ಬೆರಳು ಎಳೆದು, ಗೆರೆ ಚೊಕ್ಕವಾಗಿ ಬಿದ್ದದ್ದನ್ನು ನೋಡಿಕೊಂಡು, ಒರೆಸಿದೆ. 'ಅ' ಅಕ್ಷರದೊಳಗೆ ವ್ಯಾಕ್ಸ್ ಸಿಕ್ಕಿಕೊಂಡು ಸುಣ್ಣದಲ್ಲಿ ಬರೆದಂತೆ ಬೆಳ್ಳಗೆ ಎದ್ದು ಕಂಡಿತು. ಹಳೆಯ ಟೂತ್‌ಬ್ರಷ್ ತಂದು ಮೆಲ್ಲಗೆ ತೆಗೆದೆ.

ಮಹಾನವಮಿಯ ಬೆಳಗ್ಗೆ ಚೆಂಡುಹೂವಿನ ಮಾಲೆ ಕಟ್ಟಿ, ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟೆವು. ಅಪ್ಪ ವಿಭೂತಿಯನ್ನು ಅಂಗೈಯಲ್ಲಿ ನೀರಿನಲ್ಲಿ ಕಲಸಿ, ಮೂರು ಬೆರಳು ಅದ್ದಿ, ಪ್ರತಿ ವರ್ಷದಂತೆ ಬಾನೆಟ್ಟಿನ ನಡುವೆ ಮೂರು ಗೆರೆ ಎಳೆದರು. ಗೆರೆ ನಿಲ್ಲಲಿಲ್ಲ. ಎಳೆದ ಕೂಡಲೇ ತುಂಡಾಗಿ, ಬಿಳಿ ಮಣಿಗಳಾಗಿ, ಒಂದೊಂದೇ ಉರುಳಿ ಬಂಪರಿನ ಕಡೆ ಇಳಿದವು. ಇನ್ನೊಮ್ಮೆ ಎಳೆದರು. ಮತ್ತೆ ಮಣಿಗಳು. ಅಪ್ಪ ಬಗ್ಗಿ, ಒಂದು ಮಣಿ ಅಂಚಿನವರೆಗೂ ಉರುಳಿ ಹೋಗುವುದನ್ನು ನೋಡುತ್ತ ನಿಂತರು. ಎಡದ ಅಂಗೈಯ ಬುಡದಿಂದ ಬಾನೆಟ್ಟನ್ನು ಮೆಲ್ಲಗೆ ಸವರಿದರು, ಮೊದಲ ದಿನದ ಹಾಗೆಯೇ, ಕಣ್ಣು ಮುಚ್ಚಿ. ಏನೂ ಹೇಳಲಿಲ್ಲ.

ಕೊನೆಗೆ ವಿಭೂತಿಯನ್ನು ಮುಂದಿನ ಗಾಜಿಗೆ ಎಳೆದರು. ಗಾಜಿಗೆ ವ್ಯಾಕ್ಸ್ ಹಚ್ಚಿರಲಿಲ್ಲವಾದ್ದರಿಂದ ಅಲ್ಲಿ ಗೆರೆಗಳು ನಿಂತವು. ಅದರ ಕೆಳಗೆ ನಮ್ಮವ್ವ ಕುಂಕುಮ ಕಲಸಿಕೊಂಡು ಒಂದು ಬೊಟ್ಟು ಇಟ್ಟಳು, ಪಕ್ಕದಲ್ಲೇ ಅಪ್ಪನೂ ಒಂದು ಇಟ್ಟರು. ಮಧ್ಯಾಹ್ನದ ಹೊತ್ತಿಗೆ ಎರಡೂ ಒಣಗಿದ್ದವು. ಒಳಗೆ ಕೂತು ಗಾಜಿನ ಮೂಲಕ ನೋಡಿದೆ. ಹೊರಗಿನ ಬಿಸಿಲಿಗೆ ನಮ್ಮವ್ವನ ಬೊಟ್ಟಿನಲ್ಲಿ ಬೆರಳಿನ ಗೆರೆಗಳು ಸುತ್ತು ಸುತ್ತಾಗಿ ಎಣಿಸುವಷ್ಟು ಸ್ಪಷ್ಟವಾಗಿದ್ದವು. ಅಪ್ಪ ಇಟ್ಟದ್ದು ಒಂದೇ ಬಣ್ಣದ, ನುಣ್ಣನೆಯ, ದುಂಡು ಬೊಟ್ಟು.